ಬಾಲವನ್ನು ಬಿಟ್ಟೋಡುವ ಗಾಳಿ

ಆಷಾಢಮಾಸದಲ್ಲಿ ಸಹ್ಯಾದ್ರಿಯನ್ನು ದಾಟಿ ಬರುವ ಪಡುವಣ ಗಾಳಿಯು ಕಿತ್ತೂರು ಕೋಟೆಯ ಹಾಳುಗೋಡೆಗಳ ಮೇಲೆ ಹಾಯ್ದು, ಬೈಲಹೊಂಗಲದ ಎರೆಭೂಮಿಯ ಬಯಲಿನಲ್ಲಿ ಹೆಚ್ಚಿನ ತಡೆಯಿಲ್ಲದೆ ಓಡಿ, ಸವದತ್ತಿಯ ಬಳಿ ಥಟ್ಟನೆ ಎದ್ದು ನಿಂತ ಕಲ್ಲುಗುಡ್ಡಗಳನ್ನು ಇದಿರುಗೊಳ್ಳುತ್ತದೆ. ಭೂಶಾಸ್ತ್ರಜ್ಞರು ಕಲಾದಗಿ ಶಿಲಾಸಮೂಹಕ್ಕೆ ಸೇರಿಸಿರುವ ಈ ಗುಡ್ಡಗಳಿಗೆ ನೆತ್ತಿ ಚಪ್ಪಟೆ, ಅಂಚು ಕಡಿದು. ಏರಿಳಿವು ಮೃದುವಾಗಿದ್ದಿದ್ದರೆ ಗಾಳಿಯೂ ಅದನ್ನೇ ಅನುಸರಿಸಿ ಏರಿ ಇಳಿಯುತ್ತಿತ್ತೇನೋ. ಆದರೆ ಇಲ್ಲಿ ಅದು ಮುಖವನ್ನೇರಿ, ನೆತ್ತಿಯ ಮೇಲೆ ವೇಗವನ್ನು ಪಡೆದು, ಆಚೆಯ ಮಗ್ಗುಲಿಗೆ ಬಂದೊಡನೆ ನೆಲದ ಇಳಿಜಾರನ್ನು ಅನುಸರಿಸಲಾರದೆ ಅದನ್ನು ಬಿಟ್ಟು ನೇರವಾಗಿ ಮುಂದಕ್ಕೆ ನೆಗೆದುಬಿಡುತ್ತದೆ. ಹೀಗೆ ಬಿಟ್ಟುಹೋದ ಗಾಳಿಗೂ ನೆಲಕ್ಕೂ ನಡುವೆ ಉಳಿದ ತೆರಪಿನಲ್ಲಿ ದಿಕ್ಕುಗೆಟ್ಟ ಸುಳಿಗಳು ಹುಟ್ಟುತ್ತವೆ. ಒಮ್ಮೊಮ್ಮೆ ಗಾಳಿಯು ಅಲ್ಲಿ ಹಿಮ್ಮುಖವಾಗಿಯೂ ಬೀಸುವುದುಂಟು. ಈ ಸೀಮೆಯ ಗುಡ್ಡಗಳ ಮೇಲೆ ವಿಂಡ್‌ಮಿಲ್ಲುಗಳನ್ನು ನಿಲ್ಲಿಸುವ ಎಂಜಿನಿಯರುಗಳು ನೆತ್ತಿಯನ್ನೇ ಆರಿಸಿಕೊಂಡು ಮರೆಯ ಮಗ್ಗುಲನ್ನು ವರ್ಜಿಸುವುದಕ್ಕೆ ಇದೇ ಕಾರಣ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ರಾಮದುರ್ಗದ ಬಳಿ ಮಲಪ್ರಭೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡುವವರಿಗೂ ಇದೇ ಸಂಗತಿ ಇನ್ನಷ್ಟು ಸ್ಪಷ್ಟವಾಗಿ ಗೋಚರಿಸುತ್ತದೆ: ನೀರು ಕಂಬದ ಮುಂಭಾಗವನ್ನು ಅಪ್ಪಿಕೊಂಡು ಬರುತ್ತದೆ, ಮಗ್ಗುಲಲ್ಲಿ ಕೈಬಿಡುತ್ತದೆ, ಬೆನ್ನ ಹಿಂದೆ ಸುಳಿ ತಿರುಗುತ್ತದೆ.

ಗುಡ್ಡದ ಹಿಂದೆಯೂ ಕಂಬದ ಹಿಂದೆಯೂ ನಡೆಯುವ ಈ ಬೇರ್ಪಡೆಯು ಪ್ರಕೃತಿಯ ಒಂದು ಕುತೂಹಲವಷ್ಟೇ ಆಗಿ ಉಳಿಯಬಹುದಾಗಿತ್ತು. ವಿಮಾನದ ಮೈಮೇಲೆ ಅದು ನಡೆದಾಗ ಮಾತ್ರ ನೂರಾರು ಜನರ ಪ್ರಾಣ ಅದನ್ನು ಅವಲಂಬಿಸುತ್ತದೆ. ರೆಕ್ಕೆಯ ವಿಷಯದಲ್ಲಿ ಇದನ್ನು ಅನೇಕರು ಓದಿ ಬಲ್ಲರು. ಬಾಲದ ವಿಷಯ ಅಷ್ಟು ಪ್ರಸಿದ್ಧವಾದುದಲ್ಲ. ಆದುದರಿಂದ ಇಲ್ಲಿ ಹೇಳಹೊರಟಿರುವುದು ಬಾಲದ ಕಥೆ.

ಈ ವಿದ್ಯಮಾನಕ್ಕೆ ಶಾಸ್ತ್ರೀಯವಾದ ವಿವರಣೆಯನ್ನು ಮೊದಲು ಕೊಟ್ಟವನು ಜರ್ಮನಿಯ ಲುಡ್ವಿಗ್ ಪ್ರಾಂಟಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಯಂತ್ರೋದ್ಯಮದಲ್ಲಿ ಎಂಜಿನಿಯರನಾಗಿ ದುಡಿಯುತ್ತಿದ್ದಾಗ, ಕಾರ್ಖಾನೆಯ ತುಣುಕು ಹೊಟ್ಟುಗಳನ್ನು ಹೀರಿ ಒಯ್ಯುವ ಕೊಳವೆಯೊಂದನ್ನು ಸುಧಾರಿಸುವ ಕೆಲಸ ಅವನ ಪಾಲಿಗೆ ಬಂದಿತು. ಕೊಳವೆಯು ಅಗಲವಾಗುತ್ತ ಹೋದ ಕಡೆ ಗಾಳಿಯ ವೇಗ ತಗ್ಗಿ ಒತ್ತಡ ಏರಬೇಕೆಂದು ಲೆಕ್ಕ ಹೇಳುತ್ತಿತ್ತು, ಏರಲಿಲ್ಲ. ಗಾಳಿಯು ಕೊಳವೆಯ ಗೋಡೆಯನ್ನು ಬಿಟ್ಟು ನಡುವೆಯೇ ಹರಿದುಹೋಗುತ್ತಿತ್ತು. ಯಾವ ಸಾಮಾನ್ಯ ಎಂಜಿನಿಯರನೂ ಕೊಳವೆಯನ್ನು ಬದಲಿಸಿ ಸುಮ್ಮನಾಗುತ್ತಿದ್ದ ಜಾಗದಲ್ಲಿ ಪ್ರಾಂಟಲನು, ಗಾಳಿ ಗೋಡೆಯನ್ನು ಬಿಡುವುದಾದರೂ ಏಕೆ ಎಂದು ಕೇಳಿಕೊಂಡ. ಅದಕ್ಕೆ ಅವನು ಕಂಡುಕೊಂಡ ಉತ್ತರವನ್ನು 1904ರಲ್ಲಿ ಹೈಡೆಲ್‌ಬರ್ಗಿನ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಂದು ಕಿರುಪ್ರಬಂಧವಾಗಿ ಓದಿದ.

ಉತ್ತರವು ಹೀಗೆ. ಹರಿಯುವ ಗಾಳಿಯಲ್ಲಿ ಮೈಗೆ ತಾಗಿರುವ ಕಣಗಳು ಮೈಗೇ ಅಂಟಿಕೊಂಡು ನಿಂತುಬಿಡುತ್ತವೆ. ಅವುಗಳ ಮೇಲಿನ ಪದರ ಅವುಗಳ ಘರ್ಷಣೆಯಿಂದ ಕುಂಟುತ್ತದೆ, ಅದರ ಮೇಲಿನದು ಸ್ವಲ್ಪ ಕಡಿಮೆ ಕುಂಟುತ್ತದೆ. ಹೀಗೆ ಏರುತ್ತ ಏರುತ್ತ ಒಂದು ಎತ್ತರದಲ್ಲಿ ಗಾಳಿ ತನ್ನ ಪೂರ್ಣವೇಗವನ್ನು ಮುಟ್ಟುತ್ತದೆ. ಈ ತೆಳುವಾದ ಸೀಮಾಸ್ತರವೇ ಎಲ್ಲ ತೊಂದರೆಗಳಿಗೂ ಮೂಲ. ಮುಂದಿನ ಹಾದಿಯಲ್ಲಿ ಒತ್ತಡ ಇಳಿಯುತ್ತಿದ್ದರೆ ಅದು ಈ ಬಡಸ್ತರವನ್ನೂ ಮುಂದಕ್ಕೆ ಸೆಳೆದೊಯ್ಯುತ್ತದೆ. ಒತ್ತಡ ಏರುತ್ತಿದ್ದರೆ, ಮೇಲಿನ ವೇಗದ ಗಾಳಿ ತನ್ನ ರಭಸದ ಬಲದಿಂದ ಅದನ್ನು ಇದಿರಿಸಿ ಹೇಗೋ ಸಾಗಿಬಿಟ್ಟರೂ, ಮೈಗೆ ತಾಗಿ ಮೊದಲೇ ಸೋತಿರುವ ಕೆಳಗಿನ ಗಾಳಿಗೆ ಆ ಏರುವಿಕೆಯನ್ನು ಇದಿರಿಸುವ ಶಕ್ತಿ ಸಾಲದೆ, ಅದು ನಿಂತು, ಹಿಂದಿರುಗಿ, ಮೇಲಿನ ಪ್ರವಾಹವನ್ನೆಲ್ಲ ಮೈಯಿಂದ ಆಚೆಗೆ ತಳ್ಳಿಬಿಡುತ್ತದೆ. ಪ್ರಾಂಟಲನು ಅಲ್ಲಿಗೇ ನಿಲ್ಲದೆ, ದುಂಡುಕಂಬವೊಂದರ ಮಗ್ಗುಲಲ್ಲಿ ಸಣ್ಣ ಸೀಳನ್ನು ಮಾಡಿ ಸೋತ ಸ್ತರವನ್ನು ಒಳಕ್ಕೆ ಹೀರಿದರೆ ಹೊರಗಿನ ಪ್ರವಾಹವು ಮತ್ತೆ ಮೈಗೆ ಅಂಟಿಕೊಳ್ಳುವುದನ್ನೂ ಅದೇ ಪ್ರಬಂಧದಲ್ಲಿ ತೋರಿಸಿದ. ಎಂದರೆ, ರೋಗವನ್ನು ಹೆಸರಿಸಿದ ಬರಹದಲ್ಲಿಯೇ ಚಿಕಿತ್ಸೆಯೂ ಇದ್ದಿತು. ಅದರ ಮುಂದಿನ ನೂರು ವರ್ಷಗಳ ಪ್ರವಾಹನಿಯಂತ್ರಣಶಾಸ್ತ್ರವನ್ನು ಆ ಪುಟ್ಟ ಸೀಳಿನ ವ್ಯಾಖ್ಯಾನವೆಂದೇ ಕರೆಯಲು ನನಗೆ ಸಂಕೋಚವಿಲ್ಲ.

ಆ ಗುರುವಿನ ವಿದ್ಯೆ ಕರ್ನಾಟಕಕ್ಕೆ ಬಂದುದು ಪುಸ್ತಕಗಳ ಮೂಲಕವಷ್ಟೇ ಅಲ್ಲ. 1930ರ ದಶಕದಲ್ಲಿ ಗಟಿಂಗೆನ್ನಿಗೆ ಹೋಗಿ ಪ್ರಾಂಟಲನ ಶಿಷ್ಯರಾಗಿ ಸಂಶೋಧನೆ ನಡೆಸಿದ ವಿ. ಎಂ. ಘಾಟಗೆಯವರು ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ (ಎಚ್‌ಎಎಲ್) ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿದರು. 1951ರಲ್ಲಿ ಅದು ಹಾರಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ 1942ರಲ್ಲಿಯೇ ಆರಂಭವಾಗಿದ್ದಿತು. ಅಲ್ಲಿನ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿಸುರಂಗದಲ್ಲಿ ವಿಮಾನಗಳ ಮಾದರಿಗಳ ಮೇಲೆ ಗಾಳಿಯ ವರ್ತನೆಯನ್ನು ಅಳೆಯುವ ಕೆಲಸ ದಶಕಗಳ ಕಾಲ ನಡೆದುಬಂದಿದೆ. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ಬಹುಬೇಗ ಅದೇ ಊರಿಗೆ ಬಂದು ಸೇರಿತು. ಆದುದರಿಂದ ಬಾಲದ ಮೇಲಿನ ಗಾಳಿಯ ಪ್ರಶ್ನೆ ನಮ್ಮ ನಾಡಿಗೆ ಪರಕೀಯವಾದುದಲ್ಲ. ಅದರ ಅತ್ಯಂತ ಕಹಿಯಾದ ಪಾಠವೊಂದನ್ನು ಬೆಂಗಳೂರು ತನ್ನ ಆಕಾಶದಲ್ಲಿಯೇ ಕಲಿಯಬೇಕಾಯಿತು. ಅದನ್ನು ಮುಂದೆ ಹೇಳುವೆನು.

ಮೊದಲು, ವಿಮಾನಕ್ಕೆ ಅಷ್ಟು ದೊಡ್ಡ ಬಾಲವೇಕೆ ಎಂಬುದನ್ನು ನೋಡೋಣ. ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬಂದಿಳಿಯುವ ವಿಮಾನಗಳನ್ನು ಗಮನಿಸಿದವರಿಗೆ ಎರಡು ಬಗೆಯವು ಕಣ್ಣಿಗೆ ಬಿದ್ದಿರಬಹುದು. ಒಂದು ಎಟಿಆರ್: ಅದರ ಎರಡು ಎಂಜಿನುಗಳೂ ಪಂಖಗಳೊಡನೆ ರೆಕ್ಕೆಗಳ ಮೇಲೆ, ಒಡಲಿನಿಂದ ಸಾಕಷ್ಟು ದೂರದಲ್ಲಿವೆ. ಇನ್ನೊಂದು ಎಂಬ್ರೇರ್ 145: ಅದರ ಎಂಜಿನುಗಳು ಹಿಂಬದಿಯಲ್ಲಿ ಒಡಲಿಗೇ ಅಂಟಿಕೊಂಡಂತಿವೆ. ನೆಲವನ್ನು ಬಿಟ್ಟೇಳುವ ಘಳಿಗೆಯಲ್ಲಿ ಒಂದು ಎಂಜಿನು ಕೆಟ್ಟಿತೆಂದು ಭಾವಿಸಿರಿ. ಉಳಿದ ಎಂಜಿನು ವಿಮಾನವನ್ನು ಮುಂದಕ್ಕೆ ಮಾತ್ರವಲ್ಲ, ಸತ್ತ ಎಂಜಿನಿನ ಕಡೆಗೆ ಮಗ್ಗುಲಾಗಿಯೂ ತಿರುಗಿಸುತ್ತದೆ. ಎಂಜಿನು ಒಡಲಿನಿಂದ ದೂರವಿದ್ದಷ್ಟೂ ಆ ತಿರುಚು ಹೆಚ್ಚು. ಅದನ್ನು ತಡೆದು ನಿಲ್ಲಿಸಬೇಕಾದದ್ದು ಬಾಲದ ಮೇಲೆ ನೆಟ್ಟಗೆ ನಿಂತಿರುವ ರೆಕ್ಕೆ ಹಾಗೂ ಅದರ ಹಿಂಬದಿಗೆ ಕೀಲಿಸಿದ ಚುಕ್ಕಾಣಿ, ಪೈಲಟ್ಟರ ಮಾತಿನಲ್ಲಿ ರಡ್ಡರ್. ಪೈಲಟ್ಟನು ಕಾಲಿನಿಂದ ಪೆಡಲನ್ನೊತ್ತಿದಾಗ ರಡ್ಡರ್ ಒಂದು ಕಡೆಗೆ ವಾಲುತ್ತದೆ, ಗಾಳಿ ಇನ್ನೊಂದು ಕಡೆಗೆ ಬಾಲವನ್ನು ತಳ್ಳುತ್ತದೆ, ಮೂತಿ ನೆಟ್ಟಗಾಗುತ್ತದೆ.

ಕಷ್ಟವು ಎಲ್ಲಿದೆಯೆಂದರೆ, ಗಾಳಿಯ ಬಲ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ಅರ್ಧಕ್ಕೆ ಇಳಿದರೆ ಬಲವು ಕಾಲುಭಾಗಕ್ಕಿಳಿಯುತ್ತದೆ. ಎಂಜಿನಿನ ತಿರುಚು ಅತ್ಯಧಿಕವಾಗಿರುವುದೂ, ಬಾಲದ ಬಲ ಅತ್ಯಲ್ಪವಾಗಿರುವುದೂ, ವಿಮಾನ ನೆಲಕ್ಕೆ ತೀರ ಹತ್ತಿರದಲ್ಲಿರುವುದೂ ಒಂದೇ ಘಳಿಗೆಯಲ್ಲಿ. ಆಗ ರಡ್ಡರನ್ನು ಮತ್ತಷ್ಟು ವಾಲಿಸಿದರಾಯಿತು ಎನ್ನಬಹುದು. ಆದರೆ ಮೂವತ್ತು ಡಿಗ್ರಿಯಷ್ಟು ವಾಲಿದ ರಡ್ಡರಿನ ಕೀಲಿನ ಬಳಿ, ಸವದತ್ತಿ ಗುಡ್ಡದ ಅಂಚಿನಲ್ಲಿ ಹೇಗೋ ಹಾಗೆಯೇ, ಗಾಳಿಯು ಆ ತಿರುವನ್ನು ಅನುಸರಿಸಲಾರದೆ ಮೈಯನ್ನು ಬಿಟ್ಟುಹೋಗುತ್ತದೆ. ಅಲ್ಲಿಂದಾಚೆಗೆ ರಡ್ಡರನ್ನು ಎಷ್ಟು ವಾಲಿಸಿದರೂ ಪಾರ್ಶ್ವಬಲ ಬೆಳೆಯುವುದಿಲ್ಲ. ಹೀಗಾಗಿ ವಿನ್ಯಾಸಕಾರನಿಗೆ ಉಳಿಯುವ ದಾರಿ ಒಂದೇ: ಬಾಲವನ್ನು ದೊಡ್ಡದು ಮಾಡುವುದು. ಒಂದೇ ವಿನ್ಯಾಸದಿಂದ ಗಿಡ್ಡ ಒಡಲಿನ ವಿಮಾನವನ್ನೂ ಉದ್ದ ಒಡಲಿನ ವಿಮಾನವನ್ನೂ ಹೊರತರುವ ಕಂಪನಿಗಳು ಬಾಲವನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಸನ್ನೆಯ ತೋಳು ಚಿಕ್ಕದಾಗಿರುವ ಗಿಡ್ಡ ವಿಮಾನಕ್ಕೆ ಬೇಕಾದಷ್ಟು ದೊಡ್ಡ ಬಾಲವನ್ನು ಉದ್ದ ವಿಮಾನವೂ ಹೊತ್ತುಕೊಂಡೇ ತಿರುಗಬೇಕು. ತನ್ನ ಇಡೀ ಆಯುಷ್ಯದಲ್ಲಿ ಬರಬಹುದಾದ, ಬಹುಮಟ್ಟಿಗೆ ಎಂದೂ ಬಾರದಿರುವ, ಕೆಲವು ನಿಮಿಷಗಳ ಆಪತ್ತಿಗಾಗಿ ಪ್ರತಿಯೊಂದು ವಿಮಾನವೂ ಪ್ರತಿದಿನವೂ ಆ ಭಾರವನ್ನೂ ಆ ಘರ್ಷಣೆಯನ್ನೂ ಹೊತ್ತು ಇಂಧನವನ್ನು ಸುಡುತ್ತಿದೆ. ಎಂಜಿನು ಕೆಡುವ ಸಂಭವ ಹಿಂದಿಗಿಂತ ಈಗ ಎಷ್ಟೋ ವಿರಳವಾಗಿದ್ದರೂ ಬಾಲದ ಅಳತೆ ಮಾತ್ರ ಆ ವಿರಳಘಳಿಗೆಯನ್ನೇ ಪ್ರಮಾಣವಾಗಿಟ್ಟುಕೊಂಡಿದೆ. ಇದು ತಪ್ಪೆಂದಲ್ಲ, ಆದರೆ ದುಬಾರಿಯೆಂಬುದನ್ನು ಅಲ್ಲಗಳೆಯುವಂತಿಲ್ಲ.

ಇನ್ನು ಬೆಂಗಳೂರಿನ ಕಹಿಪಾಠ. ಎಚ್‌ಎಎಲ್‌ನ ಕಿರಣ್ ಎಂಬ ಜೆಟ್ ತರಬೇತಿ ವಿಮಾನವು 1964ರಿಂದಲೂ ಹಾರಿ ಹಳತಾಗುತ್ತ ಬಂದಾಗ, ಅದರ ಸ್ಥಾನಕ್ಕೆಂದು ಎಚ್‌ಜೆಟಿ-36 ಎಂಬ ಹೊಸ ವಿಮಾನವನ್ನು ಅದೇ ಸಂಸ್ಥೆ ರೂಪಿಸಿತು. ಸಿತಾರಾ ಎಂದು ಹೆಸರು ಪಡೆದ ಆ ವಿಮಾನ 2003ರ ಮಾರ್ಚ್ 7ರಂದು ಮೊದಲ ಬಾರಿಗೆ ಹಾರಿದಾಗ ಎಲ್ಲರಿಗೂ ಹಿಗ್ಗು. ತರಬೇತಿ ವಿಮಾನಕ್ಕೆ ಇತರ ವಿಮಾನಗಳಿಗಿಲ್ಲದ ಒಂದು ಪರೀಕ್ಷೆಯುಂಟು. ಕಲಿಯುವ ಹುಡುಗನು ತಪ್ಪುವುದು ಸಹಜ. ತಪ್ಪಿದಾಗ ವಿಮಾನವು ರೆಕ್ಕೆಯ ಮೇಲಿನ ಗಾಳಿಯನ್ನು ಕಳೆದುಕೊಂಡು, ಮೂತಿಯನ್ನು ಕೆಳಗೆ ಮಾಡಿ, ಗಿರಗಿರನೆ ಸುತ್ತುತ್ತ ಬೀಳತೊಡಗುತ್ತದೆ. ಸ್ಪಿನ್ ಎಂದು ಕರೆಯುವ ಈ ಸುತ್ತುಬೀಳಿನಿಂದ ಮತ್ತೆ ಎದ್ದುಬರುವ ಸಾಮರ್ಥ್ಯ ವಿಮಾನದಲ್ಲಿಯೇ ಇರಬೇಕು. ಸಿತಾರಾದ ಮುನ್ನಡೆ ಸಿಕ್ಕಿಹಾಕಿಕೊಂಡುದು ಇಲ್ಲಿಯೇ. ರೆಕ್ಕೆಯು ಗಾಳಿಯನ್ನು ಕಳೆದುಕೊಳ್ಳುವ ಸ್ಟಾಲ್ ಹಾಗೂ ಸ್ಪಿನ್‌ಗಳಲ್ಲಿ ಅದರ ನಡತೆ ಒಪ್ಪಿಗೆಯಾಗುವಂತಿರಲಿಲ್ಲ. ಯೋಜನೆ ವರ್ಷಗಟ್ಟಲೆ ನಿಂತಿತು.

ಸ್ಪಿನ್ನಿನಲ್ಲಿ ಬಾಲಕ್ಕೆ ಏನಾಗುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಸುತ್ತುತ್ತ ಬೀಳುವ ವಿಮಾನಕ್ಕೆ ಗಾಳಿಯು ಮುಂದಿನಿಂದ ಬರುವುದಿಲ್ಲ, ಬಹುಮಟ್ಟಿಗೆ ಕೆಳಗಿನಿಂದ ಬರುತ್ತದೆ. ಕೆಳಗಿನಿಂದ ಬಂದ ಗಾಳಿ ಅಡ್ಡಬಾಲಕ್ಕೆ ಬಡಿದು ಅದರ ಮೇಲ್ಗಡೆ ಸುಳಿಗಳ ಒಂದು ದಟ್ಟ ನೆರಳನ್ನು ಬೀರುತ್ತದೆ. ನಿಂತ ಬಾಲವೂ ರಡ್ಡರೂ ಆ ನೆರಳಿನಲ್ಲಿ ಮುಳುಗಿದರೆ, ಪೈಲಟ್ಟನು ಎಷ್ಟೇ ಬಲವಾಗಿ ಪೆಡಲನ್ನು ತುಳಿದರೂ ಹಿಡಿಯಲು ಅಲ್ಲಿ ಗಾಳಿಯೇ ಇರುವುದಿಲ್ಲ. ರಡ್ಡರಿನ ಯಾವಷ್ಟು ಭಾಗ ಈ ನೆರಳಿನಿಂದ ಹೊರಗಿದೆ ಎಂಬುದರ ಮೇಲೆಯೇ ಸ್ಪಿನ್ನಿನಿಂದ ಬಿಡುಗಡೆ ಬಹುಮಟ್ಟಿಗೆ ನಿಂತಿದೆ. ಎಚ್‌ಎಎಲ್‌ನ ವಿನ್ಯಾಸಕಾರರು ಕೊನೆಗೆ ಕೈಗೊಂಡ ಪರಿಹಾರದ ತರ್ಕ ಈ ಹಿನ್ನೆಲೆಯಲ್ಲಿ ಯಾರಿಗೂ ತಿಳಿಯುವಂತಿದೆ: ಅವರು ನಿಂತ ಬಾಲವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ರಡ್ಡರಿನ ಮೈಯನ್ನು ವಿಸ್ತರಿಸಿದರು. ಹೀಗೆ ಮಾರ್ಪಟ್ಟ ವಿಮಾನ 2019ರ ಏಪ್ರಿಲಿನಲ್ಲಿ ಮತ್ತೆ ಹಾರಿತು. 2022ರ ಜನವರಿಯ ಹೊತ್ತಿಗೆ ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಸ್ಪಿನ್ನುಗಳನ್ನು ಮಾಡಿ ಹೊರಬಂದು ತೋರಿಸಿತು. 2025ರಲ್ಲಿ ಯಶಸ್ ಎಂಬ ಹೊಸ ಹೆಸರನ್ನೂ ಪಡೆಯಿತು. ಮೊದಲ ಹಾರಾಟದಿಂದ ಆ ಆರು ಸುತ್ತುಗಳವರೆಗೆ ಸುಮಾರು ಹತ್ತೊಂಬತ್ತು ವರ್ಷ. ಬಾಲವು ವಿಮಾನದ ಕೊನೆಯಲ್ಲಿರುವುದರಿಂದ ಕೊನೆಗೆ ಯೋಚಿಸಿದರಾಯಿತು ಎಂದುಕೊಳ್ಳುವವರು ಈ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬಾಲವನ್ನು ಹಿಂದಕ್ಕೆ ಸರಿಸುವುದು, ದೊಡ್ಡದು ಮಾಡುವುದು ಇವೆಲ್ಲ ಲೋಹದ ಪರಿಹಾರಗಳು. ಗಾಳಿಯ ದೋಷವನ್ನು ಗಾಳಿಯಿಂದಲೇ ತಿದ್ದುವ ಪ್ರಯತ್ನವೂ ಹೊಸದೇನಲ್ಲ. ಎಂಜಿನಿನಿಂದ ಸಂಪೀಡಿತ ವಾಯುವನ್ನು ಕದ್ದು ತಂದು, ಸೀಳೊಂದರ ಮೂಲಕ ಮೈಗೆ ಸಮಾಂತರವಾಗಿ ಊದಿದರೆ ಸೋತ ಸೀಮಾಸ್ತರಕ್ಕೆ ಮತ್ತೆ ಜೀವ ಬರುತ್ತದೆ. ನಮ್ಮ ವಾಯುಸೇನೆಯು 2025ರ ಸೆಪ್ಟೆಂಬರಿನಲ್ಲಿ ಬೀಳ್ಕೊಟ್ಟ ಮಿಗ್-21ರ ಈಚಿನ ಮಾದರಿಗಳಲ್ಲಿ ಇಳಿಯುವಾಗ ರೆಕ್ಕೆಯ ಫ್ಲ್ಯಾಪುಗಳ ಮೇಲೆ ಹೀಗೆಯೇ ಗಾಳಿಯನ್ನು ಊದುವ ವ್ಯವಸ್ಥೆಯಿತ್ತು. ಯುದ್ಧವಿಮಾನಕ್ಕೆ ಇದು ಸರಿ. ಆದರೆ ಎಡೆಬಿಡದೆ ಊದುವುದಕ್ಕೆ ಬೇಕಾದ ಗಾಳಿಯ ಪ್ರಮಾಣ ಅಪಾರ. ಅಷ್ಟನ್ನು ಎಂಜಿನಿನಿಂದ ತೆಗೆದರೆ ಎಂಜಿನಿನ ನೂಕುಬಲವೇ ಕುಗ್ಗುತ್ತದೆ. ಪ್ರಯಾಣಿಕರ ವಿಮಾನದವರು ಈ ಲೆಕ್ಕವನ್ನು ನೋಡಿ ಹಿಂದೆ ಸರಿದರು.

ಕಥೆಯು ತಿರುವು ಪಡೆದುದು, ಊದುವ ಗಾಳಿಯನ್ನು ಎಡೆಬಿಡದೆ ಊದದೆ ಬಿಟ್ಟು ಬಿಟ್ಟು ಊದಿದರೆ ಹೇಗೆ ಎಂಬ ವಿಚಾರದಿಂದ. ಟೆಲ್ ಅವೀವ್ ಹಾಗೂ ಅರಿಝೋನ ವಿಶ್ವವಿದ್ಯಾಲಯಗಳಲ್ಲಿ ದುಡಿದ ಇಸ್ರೇಲ್ ವಿಗ್ನಾನ್ಸ್‌ಕಿ ಮತ್ತು ಅವನ ಸಹೋದ್ಯೋಗಿಗಳು 1990ರ ದಶಕದಲ್ಲಿ ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು. ಮೈಯನ್ನು ಬಿಡಲು ಹವಣಿಸುವ ಗಾಳಿಯ ಅಂಚು ಸ್ವಭಾವತಃ ಅಸ್ಥಿರವಾದುದು. ಅದು ತಾನಾಗಿಯೇ ಸುಳಿಗಳಾಗಿ ಸುತ್ತಿಕೊಳ್ಳುತ್ತದೆ. ಸರಿಯಾದ ಲಯದಲ್ಲಿ ಒಂದು ಚಿಕ್ಕ ಸ್ಪಂದನವನ್ನು ಅಲ್ಲಿ ಕೊಟ್ಟರೆ ಆ ಸುಳಿಗಳು ದೊಡ್ಡದಾಗಿ, ಕ್ರಮವಾಗಿ, ಒಂದರ ಹಿಂದೊಂದು ಉರುಳುತ್ತ, ಮೇಲಿನ ವೇಗದ ಗಾಳಿಯನ್ನು ಕೆಳಕ್ಕೂ ಕೆಳಗಿನ ಸೋತ ಗಾಳಿಯನ್ನು ಮೇಲಕ್ಕೂ ಸಾಗಿಸಿ, ಪ್ರವಾಹವನ್ನು ಮೈಗೆ ಬಾಗಿಸುತ್ತವೆ. ಕೆಲಸವನ್ನು ಮಾಡುವುದು ನಾವು ಊದಿದ ಗಾಳಿಯಲ್ಲ, ಪ್ರವಾಹದ ಸ್ವಂತ ಶಕ್ತಿ. ನಮ್ಮದು ಸೂಚನೆ ಮಾತ್ರ. ನಾಗರಪಂಚಮಿಗೆ ಬೇವಿನಮರಕ್ಕೆ ಕಟ್ಟಿದ ಜೋಕಾಲಿಯನ್ನು ಜೀಕುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ: ಜೋಕಾಲಿ ತುದಿಯನ್ನು ಮುಟ್ಟಿ ಮರಳುವ ಹೊತ್ತಿಗೆ ಸರಿಯಾಗಿ ಕೊಟ್ಟ ಬೆರಳಿನಷ್ಟು ತಳ್ಳು ಅದನ್ನು ಕೊಂಬೆಯ ಎತ್ತರಕ್ಕೆ ಏರಿಸುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಮೈಯೆಲ್ಲ ಹಾಕಿ ತಳ್ಳಿದರೂ ಅದು ನಿಲ್ಲುತ್ತದೆ.

ಲಯದ ಲೆಕ್ಕವೂ ಕಠಿಣವಾದುದಲ್ಲ. ಬೇರ್ಪಟ್ಟ ಭಾಗದ ಉದ್ದವನ್ನು ಗಾಳಿಯು ದಾಟಲು ತೆಗೆದುಕೊಳ್ಳುವ ಕಾಲದಲ್ಲಿ ಸುಮಾರು ಒಂದು ಸ್ಪಂದನ ಬೀಳುವಂತಿದ್ದರೆ ಫಲ ಉತ್ತಮ. ಉದಾಹರಣೆಗೆ ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್, ರಡ್ಡರಿನ ಅಗಲ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 33 ಸ್ಪಂದನಗಳು ಬೇಕು. ಎಡೆಬಿಡದೆ ಊದುವ ಕ್ರಮಕ್ಕೆ ಬೇಕಾದ ರಭಸದ ಹತ್ತನೆಯ ಒಂದು ಪಾಲಿನಿಂದಲೇ, ಹಲವು ಪ್ರಯೋಗಗಳಲ್ಲಿ ಅದಕ್ಕಿಂತಲೂ ಕಡಿಮೆಯಿಂದಲೇ, ಅಷ್ಟೇ ಕಾರ್ಯ ಸಾಧಿತವಾಯಿತು. 2003ರಲ್ಲಿ ಎಕ್ಸ್‌ವಿ-15 ಎಂಬ ಓಲುರೋಟರ್ ವಿಮಾನದ ಮೇಲೆ ಈ ತತ್ತ್ವವನ್ನು ಹಾರಾಟದಲ್ಲಿಯೂ ಪರೀಕ್ಷಿಸಿ ನೋಡಿದರು.

ಆದರೆ ಪ್ರಯೋಗಶಾಲೆಯ ಮೇಜಿನಿಂದ ವಿಮಾನದ ಬಾಲಕ್ಕೆ ಬರುವಾಗ, ಸೆಕೆಂಡಿಗೆ ಹತ್ತಾರು ಬಾರಿ ತೆರೆದು ಮುಚ್ಚುವ ಕವಾಟಗಳನ್ನು ಯಾರೂ ನೆಚ್ಚಲಾರರು; ಅಲುಗುವುದೆಲ್ಲ ಒಂದಲ್ಲ ಒಂದು ದಿನ ಸವೆಯುತ್ತದೆ. ಇದಕ್ಕೆ ಒದಗಿದ ಸಾಧನ ಸೊಗಸಾದುದು. ಲೋಹದ ಒಂದು ತುಂಡಿನಲ್ಲಿ ಚಿಕ್ಕ ಕೋಣೆಯೊಂದನ್ನೂ ಅದರ ಎರಡು ಮಗ್ಗುಲಿಗೂ ಹಿಂದಿರುಗುವ ಸಣ್ಣ ಕಾಲುವೆಗಳನ್ನೂ ಕೊರೆದಿರುತ್ತಾರೆ. ಒಳಗೆ ಬಂದ ಗಾಳಿಯ ಧಾರೆಯು ಒಂದು ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡೊಡನೆ ಅದರ ಒಂದು ಭಾಗ ಆ ಮಗ್ಗುಲಿನ ಕಾಲುವೆಯಿಂದ ಹಿಂದಕ್ಕೆ ಹರಿದು, ಧಾರೆಯ ಬುಡಕ್ಕೆ ಬಂದು, ಅದನ್ನು ಎದುರು ಗೋಡೆಗೆ ತಳ್ಳುತ್ತದೆ. ಅಲ್ಲಿಯೂ ಅದೇ ಕಥೆ. ಹೀಗೆ ಧಾರೆಯು ಯಾವ ಕೀಲೂ ಯಾವ ಮೋಟಾರೂ ಇಲ್ಲದೆ ತನ್ನಷ್ಟಕ್ಕೆ ತಾನೇ ಅತ್ತಿತ್ತ ಬೀಸುತ್ತಿರುತ್ತದೆ, ಸೆಕೆಂಡಿಗೆ ನೂರಾರು ಬಾರಿ. ಬೀಸುವ ಧಾರೆಯ ಹಾದಿಯಲ್ಲಿ ಒಂದು ಬಿಂದುವಿನಲ್ಲಿ ನಿಂತವನಿಗೆ ಅದು ಬಂದು ಹೋಗಿ ಬರುವ ಸ್ಪಂದನವಾಗಿಯೇ ತೋರುತ್ತದೆ. ಎರಡೂ ಒಂದೇ ಎಂದು ಹೇಳುವುದು ಶಾಸ್ತ್ರದೃಷ್ಟಿಯಿಂದ ಪೂರ್ತಿ ಸರಿಯಲ್ಲ: ನೆಟ್ಟಗಿನ ಸ್ಪಂದನವು ಪ್ರವಾಹಕ್ಕೆ ಅಡ್ಡವಾದ ಸುಳಿಗಳನ್ನು ಎಬ್ಬಿಸಿದರೆ, ಬೀಸುವ ಧಾರೆಯು ಪ್ರವಾಹದ ಉದ್ದಕ್ಕೂ ಹೆಣೆದ ಸುಳಿಗಳನ್ನು ಹೆಚ್ಚಾಗಿ ಎಬ್ಬಿಸಿ, ಒಂದೊಂದು ತೂತಿನಿಂದಲೂ ಅಗಲವಾದ ಪಟ್ಟಿಯನ್ನು ಕಾಯುತ್ತದೆ. ಈ ಜಾತಿಯ ಯಂತ್ರಗಳು ಹುಟ್ಟಿದುದು 1960ರ ಸುಮಾರಿಗೆ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ. ಬಳಿಕ ಅವು ಇಳಿದು ಬಂದುದು ಕಾರಿನ ಮುಂಗಾಜಿಗೆ ನೀರು ಚಿಮ್ಮುವ ತೂತಿಗೆ. ಧೂಳಿನ ದಿನಗಳಲ್ಲಿ ಬೈಲಹೊಂಗಲ-ಸವದತ್ತಿ ರಸ್ತೆಯಲ್ಲಿ ಗಾಜು ತೊಳೆಯಲು ಗುಂಡಿಯನ್ನು ಒತ್ತುವವರು, ನೀರು ಬೀಸಣಿಗೆಯಾಗಿ ಹರಡಿದುದನ್ನು ಕಂಡಿದ್ದರೆ, ಬಹುಶಃ ಇದೇ ಯಂತ್ರದ ಕೆಲಸವನ್ನು ಕಂಡಿದ್ದಾರೆ.

ಅಮೆರಿಕದ ನಾಸಾ ಮತ್ತು ಬೋಯಿಂಗ್ ಕಂಪನಿ ಸೇರಿ, ಚಿಕ್ಕ ಮಾದರಿಗಳ ಮೇಲಿನ ಪರೀಕ್ಷೆಗಳಾದ ಮೇಲೆ, 2013ರಲ್ಲಿ ಒಂದು ಧೀರವಾದ ಕೆಲಸ ಮಾಡಿದವು. ಹಳೆಯ ಬೋಯಿಂಗ್ 757ರ ನಿಜವಾದ ಬಾಲವನ್ನೇ, ವಿಮಾನಗಳ ಮೋಡಕಾ ಅಂಗಳದಿಂದ ತಂದು, ಕ್ಯಾಲಿಫೋರ್ನಿಯದ ಏಮ್ಸ್ ಕೇಂದ್ರದ 40 ಅಡಿಗೆ 80 ಅಡಿಯ ಭೀಮಸುರಂಗದಲ್ಲಿ ನಿಲ್ಲಿಸಿ, ರಡ್ಡರಿನ ಕೀಲಿನ ತುಸು ಮುಂದೆ ಬೀಸುಧಾರೆಗಳ ಸಾಲನ್ನು ಜೋಡಿಸಿದರು. ರಡ್ಡರ್ 30 ಡಿಗ್ರಿ ವಾಲಿದಾಗ ಧಾರೆಗಳಿಲ್ಲದ ಬಾಲಕ್ಕಿಂತ ಧಾರೆಗಳಿದ್ದ ಬಾಲ ಶೇಕಡ 20ಕ್ಕೂ ಹೆಚ್ಚಿನ ಪಾರ್ಶ್ವಬಲವನ್ನು ಕೊಟ್ಟಿತು. ಎರಡು ವರ್ಷಗಳ ಮೇಲೆ, 2015ರ ವಸಂತದಲ್ಲಿ, 757 ವಿಮಾನವೊಂದರ ಬಾಲದ ಬಲಮಗ್ಗುಲಿಗೆ 31 ಧಾರೆಗಳನ್ನಿಟ್ಟು ಹಾರಿಸಿದರು. ಹಾರಾಟದಲ್ಲಿ ದೊರೆತ ಹೆಚ್ಚಳ ಶೇಕಡ 13ರಿಂದ 16 ಎಂದು ಅಂದಾಜಾಯಿತು. ಸುರಂಗದ ಅಂಕಿಗಿಂತ ಕಡಿಮೆಯೇ. ಆದರೆ ಆಕಾಶವು ಸುರಂಗಕ್ಕಿಂತ ಕಠಿಣನಾದ ಪರೀಕ್ಷಕನೆಂಬುದು ವಿಮಾನವಿದ್ಯೆಯ ಹಳೆಯ ಅನುಭವ. ಇಂಥ ಧಾರೆಗಳನ್ನು ನೆಚ್ಚಿ ಬಾಲವನ್ನು ಸುಮಾರು ಶೇಕಡ 17ರಷ್ಟು ಕಿರಿದುಗೊಳಿಸಿದರೆ ಇಂಧನದಲ್ಲಿ ಶೇಕಡ ಅರ್ಧದಷ್ಟು ಉಳಿಯಬಹುದೆಂದು ನಾಸಾದವರು ಲೆಕ್ಕಹಾಕಿದರು. ಅರ್ಧವೆಂಬುದು ಓದುಗನಿಗೆ ಅಲ್ಪವೆನಿಸಬಹುದು. ದಿನವೂ ಸಾವಿರಾರು ವಿಮಾನಗಳನ್ನು ಹಾರಿಸುವ ಉದ್ಯಮಕ್ಕೆ ಅದು ಅಲ್ಪವಲ್ಲ.

ಇಲ್ಲಿ ಓದುಗರೊಬ್ಬರು ಕೇಳಬಹುದು: ಹಾಗಾದರೆ ಸಿತಾರಾದ ಬಾಲಕ್ಕೂ ನಾಲ್ಕು ಧಾರೆಗಳನ್ನು ಇಟ್ಟಿದ್ದರೆ ಹತ್ತೊಂಬತ್ತು ವರ್ಷ ಉಳಿಯುತ್ತಿರಲಿಲ್ಲವೆ? ಪ್ರಶ್ನೆ ನ್ಯಾಯವಾದುದು, ಉತ್ತರ ಮಾತ್ರ ಇಲ್ಲವೆಂದೇ. 757ರ ರಡ್ಡರಿನಲ್ಲಿ ಮುಂದಿನಿಂದ ಬಂದ ಗಾಳಿ ಹೇರಳವಾಗಿದೆ, ಅದು ಕೀಲಿನ ಬಳಿ ಕೈಬಿಡುತ್ತಿದೆಯಷ್ಟೇ. ಅಂಥದನ್ನು ಮರಳಿ ಹಿಡಿಯಬಹುದು. ಸ್ಪಿನ್ನಿನಲ್ಲಿ ಬಾಲವು ಇನ್ನೊಂದು ಅಂಗದ ಸುಳಿನೆರಳಿನಲ್ಲಿ ಮುಳುಗಿರುತ್ತದೆ. ಹಿಡಿಯುವುದಕ್ಕೆ ಅಲ್ಲಿ ಒಳ್ಳೆಯ ಗಾಳಿಯೇ ಬಂದಿರುವುದಿಲ್ಲ. ಗುಡ್ಡದ ಮರೆಯಲ್ಲಿ ನಿಂತ ವಿಂಡ್‌ಮಿಲ್ಲಿಗೆ ಎಷ್ಟು ಉಪಾಯ ಮಾಡಿದರೂ ಅದು ನೆತ್ತಿಯ ಮೇಲಿನದಕ್ಕೆ ಸಮವಾಗದು. ಅದನ್ನು ಜಾಗದಿಂದ ಸರಿಸುವುದೇ ಸರಿ. ಎಚ್‌ಎಎಲ್‌ನವರು ಮಾಡಿದುದೂ ಅದನ್ನೇ.

757ರ ಹಾರಾಟವಾಗಿ ಹತ್ತು ವರ್ಷಗಳು ಕಳೆದಿವೆ. ಆದರೂ ಪ್ರಯಾಣಿಕರ ವಿಮಾನಗಳ ಬಾಲದಲ್ಲಿ ಈ ಧಾರೆಗಳು ಇನ್ನೂ ನೆಲೆಗೊಂಡಿಲ್ಲ. ಗಾಳಿಯ ಶಾಸ್ತ್ರದಲ್ಲಿ ಕೊರತೆಯಿದೆಯೆಂದು ನನಗೆ ಅನ್ನಿಸುವುದಿಲ್ಲ. ಕೊರತೆಯು ನೆಚ್ಚಿಕೆಯಲ್ಲಿದೆ. ದೊಡ್ಡ ಬಾಲವೆಂಬುದು ಕೆಡುವ ವಸ್ತುವಲ್ಲ. ಅದು ಸುಮ್ಮನೆ ನಿಂತಿರುತ್ತದೆ, ಬೇಕಾದಾಗ ಅಲ್ಲಿಯೇ ಇರುತ್ತದೆ. ಧಾರೆಗಳ ಸಾಲು ಹಾಗಲ್ಲ. ಅದಕ್ಕೆ ಸಂಪೀಡಿತ ವಾಯು ಬೇಕು, ವಾಯುವನ್ನು ತರುವ ಕೊಳವೆ ಬೇಕು, ತೆರೆಯುವ ಕವಾಟ ಬೇಕು, ಕಿರಿದಾದ ತೂತುಗಳು ಧೂಳಿನಿಂದಲೂ ಹುಳುಹುಪ್ಪಟೆಗಳಿಂದಲೂ ಕಟ್ಟಿಕೊಳ್ಳದಿರಬೇಕು. ಹುಳುಗಳ ಮಾತು ನಗೆಚಾಟಿಕೆಯಲ್ಲ: ಅದೇ 757 ವಿಮಾನದ ರೆಕ್ಕೆಯ ಮೇಲೆ, ಹಾರುವಾಗ ಬಡಿದು ಸಾಯುವ ಕೀಟಗಳ ಶೇಷ ಅಂಟದಂತಹ ಲೇಪಗಳನ್ನೂ ನಾಸಾದವರು ಆ ವರ್ಷವೇ ಪರೀಕ್ಷಿಸಿದರು. ಎಲ್ಲಕ್ಕಿಂತ ಮಿಗಿಲಾದ ತೊಡಕು ಬೇರೆಯಿದೆ. ಧಾರೆಗಳು ಅತ್ಯಗತ್ಯವಾಗುವುದು ಒಂದು ಎಂಜಿನು ಸತ್ತಾಗ; ಆ ಘಳಿಗೆಯಲ್ಲಿ ಉಳಿದ ಎಂಜಿನಿನಿಂದ ಗಾಳಿಯನ್ನು ಕಸಿಯುವುದೆಂದರೆ, ಮುಳುಗುತ್ತಿರುವವನನ್ನು ಎತ್ತಲು ಹೋದವನ ಕೈಯನ್ನೇ ಹಿಡಿದೆಳೆದಂತೆ. ಆದುದರಿಂದ 757ರ ಪರೀಕ್ಷೆಯಲ್ಲಿ ಬಾಲದ ತುದಿಯಲ್ಲಿರುವ ಸಹಾಯಕ ಎಂಜಿನಿನಿಂದ ಗಾಳಿಯನ್ನು ತೆಗೆದು, ಅದು ತೀರ ಬಿಸಿಯಾಗಿದ್ದುದರಿಂದ ತಣಿಸಿ, ಧಾರೆಗಳಿಗೆ ಕೊಟ್ಟರು. ಪ್ರಾಣಾಪಾಯವನ್ನು ತರಬಲ್ಲ ಒಂದು ವೈಫಲ್ಯ ನೂರು ಕೋಟಿ ಹಾರಾಟದ ಗಂಟೆಗಳಿಗೆ ಒಮ್ಮೆಗಿಂತ ಹೆಚ್ಚು ಬರಕೂಡದೆಂಬುದು ಇಂದಿನ ವಿಮಾನಗಳಿಗೆ ವಿಧಿಸಿದ ನಿಯಮ. ಕವಾಟಗಳೂ ಕೊಳವೆಗಳೂ ಸಹಾಯಕ ಎಂಜಿನೂ ಸೇರಿ ಆ ನಿಯಮವನ್ನು ಪಾಲಿಸುತ್ತವೆಂದು ಸಿದ್ಧಪಡಿಸಿ ತೋರಿಸುವುದು ಹಾರಿಸಿ ತೋರಿಸುವುದಕ್ಕಿಂತ ಬಹಳ ಹೆಚ್ಚಿನ ಶ್ರಮದ ಕೆಲಸ.

ಮನುಷ್ಯನಿಲ್ಲದ ವಿಮಾನಗಳಲ್ಲಿ ಈ ಭಯ ಕಡಿಮೆ. ಅಲ್ಲಿ ಧೈರ್ಯ ಹೆಚ್ಚು. 2019ರಲ್ಲಿ ಬ್ರಿಟನ್ನಿನ ಮ್ಯಾಗ್ಮಾ ಎಂಬ ಚಿಕ್ಕ ವಿಮಾನ ಊದುಗಾಳಿಯಿಂದ ತನ್ನನ್ನು ನಿಯಂತ್ರಿಸಿಕೊಂಡು ಹಾರಿತು. ಅಮೆರಿಕದಲ್ಲಿ ಎಕ್ಸ್-65 ಎಂಬುದನ್ನು ಅದೇ ಉದ್ದೇಶಕ್ಕಾಗಿ ಕಟ್ಟುತ್ತಿದ್ದಾರೆ.

ಇನ್ನೊಂದು ಮಾತನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಈಗಾಗಲೇ ಹಾರುತ್ತಿರುವ ವಿಮಾನದ ಬಾಲಕ್ಕೆ ಧಾರೆಗಳನ್ನು ಸೇರಿಸುವುದರಿಂದ ಉಳಿತಾಯವೇನೂ ಇಲ್ಲ, ತೂಕ ಹೆಚ್ಚುತ್ತದಷ್ಟೇ. ಲಾಭ ಬರುವುದು ಧಾರೆಗಳನ್ನು ನೆಚ್ಚಿ ಬಾಲವನ್ನು ಮೊದಲಿಗೇ ಕಿರಿದಾಗಿ ಬರೆದಾಗ ಮಾತ್ರ. ಆ ಅವಕಾಶವಾದರೋ ಹೊಸ ವಿಮಾನವೊಂದರ ನಕ್ಷೆಯನ್ನು ಹಾಕುವ ಒಂದೇ ಒಂದು ಸಲ ಒದಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರೂಪಿಸಿದ ಸಾರಸ್ ವಿಮಾನದಲ್ಲಿ ಎಂಜಿನುಗಳು ಹಿಂಬದಿಯಲ್ಲಿ ಒಡಲಿಗೆ ಹತ್ತಿರವಾಗಿದ್ದುದರಿಂದ ಈ ತಿರುಚಿನ ಕಷ್ಟ ಅಷ್ಟು ತೀವ್ರವಾಗಿರಲಿಲ್ಲ. ಅದೇ ಪ್ರಯೋಗಾಲಯವು ಬಹುಕಾಲದಿಂದ ಆಲೋಚಿಸುತ್ತಿರುವ, ಆರ್‌ಟಿಎ-90 ಎಂದು ಕರೆಯಲಾಗುವ ತೊಂಬತ್ತು ಆಸನಗಳ ಪ್ರಾದೇಶಿಕ ವಿಮಾನ ಪಂಖಗಳದು. ಸಾಂಬ್ರಾದಂಥ ನಿಲ್ದಾಣಗಳ ನಡುವೆ ಓಡಾಡಬೇಕಾದುದು ಅಂತಹ ವಿಮಾನವೇ, ಮತ್ತು ರೆಕ್ಕೆಯ ಮೇಲೆ ಎಂಜಿನುಗಳನ್ನು ಹೊತ್ತು ಕಡಿಮೆ ವೇಗದಲ್ಲಿ ಏರುವ ವಿಮಾನಕ್ಕೆ ದೊಡ್ಡ ಬಾಲದ ಕಾಟ ಎಲ್ಲಕ್ಕಿಂತ ಹೆಚ್ಚು. ಅದರ ಬಾಲದ ಅಳತೆಯನ್ನು ನಕ್ಷೆಯಲ್ಲಿ ಖಾಯಂ ಮಾಡುವುದಕ್ಕೆ ಮುಂಚೆ, ಮಿಲಿಮೀಟರುಗಳ ಲೆಕ್ಕದ ಕೆಲವು ತೂತುಗಳಿಗೂ ಅವುಗಳಿಗೆ ಗಾಳಿ ಕೊಡುವ ಸಹಾಯಕ ಎಂಜಿನಿಗೂ ಆಗುವ ತೂಕ ಎಷ್ಟು, ಅವುಗಳಿಂದ ಕಡಿದುಹಾಕಬಹುದಾದ ಬಾಲದ ತೂಕ ಎಷ್ಟು, ಪ್ರತಿ ಏರಿಳಿವಿನಲ್ಲಿಯೂ ಆ ಸಹಾಯಕ ಎಂಜಿನನ್ನು ಉರಿಸಲು ಬೇಕಾದ ಇಂಧನವೆಷ್ಟು ಎಂಬ ಮೂರು ಅಂಕಿಗಳನ್ನು ಯಾರಾದರೂ ಒಂದೇ ಹಾಳೆಯ ಮೇಲೆ ಬರೆದು ಕೂಡಿ ಕಳೆಯಬೇಕಾಗುತ್ತದೆ.